ಬೂಟ್ ಪಾರ್ಟಿಷನ್ ತುಂಬಿದಾಗ: ಲಿನಕ್ಸ್‌ನಲ್ಲಿ ಹಳೆಯ ಕರ್ನಲ್‌ಗಳನ್ನು ತೆಗೆಯುವ ಬಗೆ

ಉಬುಂಟು ಅಪ್‌ಡೇಟ್ ಅರ್ಧಕ್ಕೆ ನಿಂತು ಡಿಸ್ಕ್‌ನಲ್ಲಿ ಜಾಗವಿಲ್ಲ ಎನ್ನುತ್ತದೆ. ಫೈಲ್ ಮ್ಯಾನೇಜರ್ ತೆರೆದು ನೋಡಿದರೆ 200 ಜಿಬಿ ಖಾಲಿ ಕಾಣುತ್ತದೆ. ಹೀಗಾದಾಗ ದೊಡ್ಡ ಡಿಸ್ಕ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ತುಂಬಿರುವುದು, ಲಿನಕ್ಸ್‌ನ ತಿರುಳಾದ ಕರ್ನಲ್ ಇರುವ /ಬೂಟ್ ಎಂಬ ಚಿಕ್ಕ ಪಾರ್ಟಿಷನ್, ಅಂದರೆ ಡಿಸ್ಕ್‌ನ ಪ್ರತ್ಯೇಕ ಭಾಗ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಿದ್ದರೆ ಉಬುಂಟು /ಬೂಟ್‌ಗೆ ಪ್ರತ್ಯೇಕ ಪಾರ್ಟಿಷನ್ ಮಾಡುತ್ತದೆ. ಹಳೆಯ ಇನ್‌ಸ್ಟಾಲರ್‌ಗಳು ಅದಕ್ಕೆ ಕೆಲವು ನೂರು ಎಂಬಿ ಮಾತ್ರ ಕೊಡುತ್ತಿದ್ದವು. ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡುತ್ತಾ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಆ ಅಳತೆ ಇಂದಿಗೂ ಹಾಗೆಯೇ ಉಳಿದಿರುತ್ತದೆ.

ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಿರುವ ಕಡೆ ಹಾಗೆಂದು ಹೇಳಿದೆ. ಅಡ್ಡಗೆರೆ, ಓರೆಗೆರೆ, ನಡುವಿನ ಖಾಲಿ ಜಾಗ ಇಲ್ಲಿರುವಂತೆಯೇ ಇರಲಿ.

ಜಾಗ ತಿನ್ನುವುದು ಯಾವುದು

ಉಬುಂಟುವಿನಲ್ಲಿ ಕರ್ನಲ್ ಅಪ್‌ಡೇಟ್ ಎಂದರೆ ಹಳೆಯದರ ಮೇಲೆ ಹೊಸದನ್ನು ಬರೆಯುವುದಲ್ಲ. ಹೊಸ ಕರ್ನಲ್ ಬೇರೆ ಹೆಸರಿನ ಪ್ಯಾಕೇಜಾಗಿ ಹಳೆಯದರ ಪಕ್ಕದಲ್ಲೇ ಬಂದು ಕೂರುತ್ತದೆ. 6.8.0-45 ಇದ್ದಲ್ಲಿಗೆ 6.8.0-48 ಬಂದರೆ ಎರಡೂ ಇರುತ್ತವೆ. ಹೊಸ ಕರ್ನಲ್‌ನಲ್ಲಿ ವೈಫೈಯೋ ಗ್ರಾಫಿಕ್ಸೋ ಕೈಕೊಟ್ಟರೆ ಹಳೆಯದರಿಂದ ಬೂಟ್ ಮಾಡಲು ದಾರಿ ಇರಲಿ ಎಂದೇ ಈ ಏರ್ಪಾಡು.

ಪ್ರತಿ ಕರ್ನಲ್‌ಗೆ /ಬೂಟ್‌ನಲ್ಲಿ ನಾಲ್ಕು ಫೈಲ್‌ಗಳಿರುತ್ತವೆ. ವಿಎಂಲಿನಜ್ ಎಂಬುದು ಕರ್ನಲ್ಲೇ, ಸುಮಾರು 15 ಎಂಬಿ. ಸಿಸ್ಟಂ.ಮ್ಯಾಪ್ ಒಂಬತ್ತು ಎಂಬಿ ಆಸುಪಾಸು. ಕಾನ್ಫಿಗ್ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ನಿಜವಾದ ಭಾರ ನಾಲ್ಕನೆಯದಾದ ಇನಿಟ್‌ಆರ್‌ಡಿಯದು. ಮುಖ್ಯ ಡಿಸ್ಕ್ ತೆರೆಯುವ ಮೊದಲು ಕರ್ನಲ್‌ಗೆ ಬೇಕಾಗುವ ಡ್ರೈವರ್, ಫರ್ಮ್‌ವೇರ್, ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ ಎಲ್ಲವೂ ಅದರೊಳಗಿರುತ್ತವೆ. ಸಾಧಾರಣ ಯಂತ್ರದಲ್ಲಿ ಅದು 60–80 ಎಂಬಿ ಇದ್ದರೆ, ಎನ್‌ವಿಡಿಯಾ ಡ್ರೈವರ್ ಒಳಸೇರಿದಾಗ 150 ಎಂಬಿಯ ಹತ್ತಿರಕ್ಕೂ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಇನಿಟ್‌ಆರ್‌ಡಿ 75 ಎಂಬಿ ಇದ್ದರೆ ಒಂದು ಕರ್ನಲ್‌ನ ಕಂತೆ ಸುಮಾರು 100 ಎಂಬಿ. 500 ಎಂಬಿಯ /ಬೂಟ್‌ನಲ್ಲಿ ಮೂರು ಕಂತೆಗಳಿಗೆ ಧಾರಾಳವಾಗಿ ಜಾಗವಿದೆ. ಅದೇ ಇನಿಟ್‌ಆರ್‌ಡಿ 150 ಎಂಬಿ ಆದರೆ ಕಂತೆ 175 ಎಂಬಿ, ಮೂರಕ್ಕೆ 525. ಮೂರನೆಯದು ಹಿಡಿಸುವುದಿಲ್ಲ. ಅಪ್‌ಡೇಟ್ ಆಗುವ ಗಳಿಗೆಯಲ್ಲಿ ಮೂರು ಕರ್ನಲ್‌ಗಳು ಒಟ್ಟಿಗೆ ಇರುವುದು ಸಹಜ: ಹಿಂದಿನದು, ಈಗ ಓಡುತ್ತಿರುವುದು, ಹೊಸದಾಗಿ ಬರುತ್ತಿರುವುದು. ಎಷ್ಟೋ ಯಂತ್ರಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಬಳಸುವವರ ತಪ್ಪೇನೂ ಇರುವುದಿಲ್ಲ.

/ಬೂಟ್‌ನ ಹೊರಗೂ ಹಳೆಯ ಕರ್ನಲ್ ಜಾಗ ಹಿಡಿದಿರುತ್ತದೆ. ಬೇಕಾದಾಗ ಸೇರಿಕೊಳ್ಳುವ ಡ್ರೈವರ್‌ನಂಥ ಭಾಗಗಳಾದ ಮಾಡ್ಯೂಲ್‌ಗಳು /ಲಿಬ್/ಮಾಡ್ಯೂಲ್ಸ್ ಒಳಗೆ, ಹೊಸ ಮಾಡ್ಯೂಲ್ ಕಟ್ಟಲು ಬೇಕಾಗುವ ಹೆಡರ್ ಫೈಲ್‌ಗಳು /ಯುಎಸ್‌ಆರ್/ಎಸ್‌ಆರ್‌ಸಿ ಒಳಗೆ. ಎರಡೂ ಸೇರಿ ಕರ್ನಲ್ ಒಂದಕ್ಕೆ ನೂರಾರು ಎಂಬಿ. ಹೆಡರ್‌ಗಳದು ಬೇರೊಂದು ತೊಂದರೆಯೂ ಇದೆ. ಒಂದು ಆವೃತ್ತಿಯ ಹೆಡರ್‌ಗಳೆಂದರೆ ಹತ್ತು ಸಾವಿರಕ್ಕೂ ಮೀರಿದ ಪುಟ್ಟ ಫೈಲ್‌ಗಳು. 8–10 ಜಿಬಿಯ ಸಣ್ಣ ಸರ್ವರ್‌ಗಳಲ್ಲಿ ಎಂಬಿ ಲೆಕ್ಕದಲ್ಲಿ ಜಾಗವಿದ್ದೂ ಐನೋಡ್‌ಗಳು, ಅಂದರೆ ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆಗಳು, ಮುಗಿದುಹೋಗಬಹುದು. ಆಗಲೂ ಬರುವುದು ಅದೇ ಜಾಗವಿಲ್ಲ ಎಂಬ ಸಂದೇಶ. ಡಿಎಫ್ -ಐ ಎಂದು ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಮೊದಲು ನೋಡಿಕೊಳ್ಳಬೇಕಾದ್ದು

ಡಿಎಫ್ -ಎಚ್ / /ಬೂಟ್
ಯುನೇಮ್ -ಆರ್
ಎಲ್‌ಎಸ್ -ಎಲ್‌ಎಚ್ /ಬೂಟ್
ಡಿಪಿಕೆಜಿ -ಎಲ್ 'ಲಿನಕ್ಸ್-ಇಮೇಜ್-*'

ಮೊದಲನೆಯ ಕಮಾಂಡ್ ಎರಡೂ ಕಡೆಯ ಖಾಲಿ ಜಾಗ ಹೇಳುತ್ತದೆ. ಎರಡು ಸಾಲಿನಲ್ಲೂ ಒಂದೇ ಅಂಕಿ ಬಂದರೆ ನಿಮ್ಮಲ್ಲಿ /ಬೂಟ್ ಬೇರೆ ಪಾರ್ಟಿಷನ್ ಅಲ್ಲ, ಅವಸರ ಅಷ್ಟಿಲ್ಲ. ಎರಡನೆಯದು ಈ ಕ್ಷಣ ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುತ್ತದೆ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಏನೇ ಅಳಿಸಿದರೂ ಅದನ್ನು ಮುಟ್ಟಬಾರದು.

ಮೂರನೆಯದು /ಬೂಟ್‌ನ ಫೈಲ್‌ಗಳನ್ನು ಗಾತ್ರ ಸಮೇತ ತೋರಿಸುತ್ತದೆ. ನಾಲ್ಕನೆಯದರಲ್ಲಿರುವ ಡಿಪಿಕೆಜಿ ಪ್ಯಾಕೇಜ್‌ಗಳ ಲೆಕ್ಕ ಇಡುವ ಪ್ರೋಗ್ರಾಂ. ಅದರ ಪಟ್ಟಿಯಲ್ಲಿ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಗಮನಿಸಿ. ಐಐ ಎಂದಿದ್ದರೆ ಪ್ಯಾಕೇಜ್ ಪೂರ್ತಿ ಇನ್‌ಸ್ಟಾಲ್ ಆಗಿದೆ. ಆರ್‌ಸಿ ಎಂದಿದ್ದರೆ ಕರ್ನಲ್ ಹೋಗಿದೆ, ಸೆಟ್ಟಿಂಗ್ ಫೈಲ್ ಮಾತ್ರ ಉಳಿದಿದೆ. ಪಟ್ಟಿ ಉದ್ದವಾಗಿ ಕಂಡು ಗಾಬರಿಯಾಗುವವರಲ್ಲಿ ಹೆಚ್ಚಿನವರು ನೋಡುತ್ತಿರುವುದು ಈ ಆರ್‌ಸಿ ಸಾಲುಗಳನ್ನೇ. ಅವು ಜಾಗವನ್ನೇ ತಿನ್ನುವುದಿಲ್ಲ.

ಅದೇ ಪಟ್ಟಿಯಲ್ಲಿ ಸಂಖ್ಯೆಯಿಲ್ಲದ ಲಿನಕ್ಸ್-ಇಮೇಜ್-ಜೆನೆರಿಕ್ ಎಂಬ ಹೆಸರೂ ಇರುತ್ತದೆ. ಅದರೊಳಗೆ ಕರ್ನಲ್ ಇಲ್ಲ, ಹೊಸ ಕರ್ನಲ್ ಬಂದಾಗಲೆಲ್ಲ ಅದನ್ನು ಎಳೆದು ತರುವುದು ಅದರ ಕೆಲಸ. ಅದನ್ನು ತೆಗೆದರೆ ಅಂದಿನಿಂದ ಕರ್ನಲ್‌ನ ಭದ್ರತಾ ಅಪ್‌ಡೇಟ್‌ಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಲಿನಕ್ಸ್-ಜೆನೆರಿಕ್, ಲಿನಕ್ಸ್-ಹೆಡರ್ಸ್-ಜೆನೆರಿಕ್ ಕೂಡ ಇದೇ ಜಾತಿಯವು, ಕೈ ಹಾಕಬೇಡಿ. ಆದರೆ ಉಬುಂಟು 22.04ರಲ್ಲಿ ಲಿನಕ್ಸ್-ಜೆನೆರಿಕ್ ಜೊತೆಗೆ ಹೊಸ ಹಾರ್ಡ್‌ವೇರ್‌ಗೆಂದು ಹೊಸ ಸರಣಿಯ ಕರ್ನಲ್ ತರುವ, ಹೆಸರಿನಲ್ಲಿ ಎಚ್‌ಡಬ್ಲ್ಯುಇ ಇರುವ ಇನ್ನೊಂದೂ ಇದ್ದರೆ 5.15 ಮತ್ತು 6.8 ಎಂಬ ಎರಡು ಸರಣಿಯ ಕರ್ನಲ್‌ಗಳು ಜೋಡಿಯಾಗಿ ಬೆಳೆಯುತ್ತಿರುತ್ತವೆ. ಯುನೇಮ್ 6.8 ತೋರಿಸುತ್ತಿದ್ದು, 5.15 ನಿಮಗೆ ಬೇಡವೇ ಬೇಡ ಎಂದಾದರೆ ಆಗ ಮಾತ್ರ ಎಚ್‌ಡಬ್ಲ್ಯುಇ ಇಲ್ಲದ್ದನ್ನು ತೆಗೆಯಬಹುದು.

ಸರಿಯಾದ ದಾರಿ

ಹೊಸ ಕರ್ನಲ್ ಬಂದ ಮೇಲೆ ಇನ್ನೂ ರೀಬೂಟ್ ಮಾಡಿಲ್ಲದಿದ್ದರೆ ಮೊದಲು ಮಾಡಿ. ಹೊಸದರಲ್ಲಿ ವೈಫೈ, ಸೌಂಡ್, ಸಸ್ಪೆಂಡ್, ಎರಡನೇ ಮಾನಿಟರ್ ಸರಿಯಿವೆಯೇ ನೋಡಿ. ಆಮೇಲೆ:

ಎಪಿಟಿ -ಎಸ್ ಆಟೊರಿಮೂವ್
ಸುಡೊ ಎಪಿಟಿ ಆಟೊರಿಮೂವ್ --ಪರ್ಜ್

ಎಪಿಟಿ ಎಂಬುದು ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ. ಸುಡೊ ಎಂದರೆ ಆಡಳಿತಗಾರನ ಅಧಿಕಾರದಲ್ಲಿ ಓಡಿಸು ಎಂದು. ಪರ್ಜ್ ಎಂದರೆ ಸೆಟ್ಟಿಂಗ್ ಫೈಲ್ ಸಮೇತ ತೆಗೆ ಎಂದು. ಮೊದಲ ಸಾಲು ಏನನ್ನೂ ಅಳಿಸದೆ ಏನೇನು ಹೋಗುತ್ತದೆ ಎಂಬ ಪಟ್ಟಿ ಮಾತ್ರ ಕೊಡುತ್ತದೆ. ಅದನ್ನು ಪೂರ್ತಿ ಓದಿ. ಆಟೊರಿಮೂವ್ ಕರ್ನಲ್‌ಗೆ ಮಾತ್ರ ಸೀಮಿತವಲ್ಲ. ಬೇರೊಂದರ ಜೊತೆ ತಾನಾಗಿ ಬಂದು, ಈಗ ಯಾವ ಪ್ಯಾಕೇಜೂ ಕೇಳದ ಎಲ್ಲವನ್ನೂ ಅದು ಗುಡಿಸುತ್ತದೆ. ಪಟ್ಟಿಯಲ್ಲಿ ನಿಮಗೆ ಬೇಕಾದ ಪ್ಯಾಕೇಜ್ ಕಂಡರೆ ಸುಡೊ ಎಪಿಟಿ-ಮಾರ್ಕ್ ಮ್ಯಾನುಯಲ್ ಎಂದು ಬರೆದು ಅದರ ಹೆಸರು ಕೊಡಿ. ಅಲ್ಲಿಂದಾಚೆ ಅದನ್ನು ಮುಟ್ಟುವುದಿಲ್ಲ. ಓಡುತ್ತಿರುವ ಕರ್ನಲ್ಲನ್ನೂ ತೀರಾ ಹೊಸದನ್ನೂ ಎಪಿಟಿ ತಾನಾಗಿಯೇ ಕಾಪಾಡುತ್ತದೆ. ಹೊಸದನ್ನೇ ಓಡಿಸುತ್ತಿದ್ದರೆ ಅದರ ಹಿಂದಿನದನ್ನೂ ಉಳಿಸುತ್ತದೆ. ಒಂದು ಓಡುವುದು, ಒಂದು ಮೀಸಲು: ಇದಕ್ಕಿಂತ ಕಡಿಮೆ ಮಾಡಬೇಡಿ. 100 ಎಂಬಿಯ ಆಸೆಗೆ ಮೀಸಲು ಕರ್ನಲ್ಲನ್ನೂ ತೆಗೆದರೆ, ಮುಂದಿನ ಅಪ್‌ಡೇಟ್ ಕೆಟ್ಟ ದಿನ ಬೂಟ್ ಮಾಡಲು ಪೆನ್‌ಡ್ರೈವ್ ಹುಡುಕಬೇಕಾಗುತ್ತದೆ.

ಆಟೊರಿಮೂವ್ ಏನನ್ನೂ ತೆಗೆಯದೆ ಸುಮ್ಮನಾಯಿತು, ಆದರೂ /ಬೂಟ್‌ನಲ್ಲಿ ಐದಾರು ಕರ್ನಲ್‌ಗಳಿವೆ ಎಂದಾದರೆ ಅವಕ್ಕೆ ಮ್ಯಾನುಯಲ್ ಗುರುತು ಬಿದ್ದಿದೆ ಎಂದರ್ಥ. ಯಾರೋ ಒಮ್ಮೆ ಸಂಖ್ಯೆ ಸಮೇತ ಹೆಸರು ಕೊಟ್ಟು ಕರ್ನಲ್ ಇನ್‌ಸ್ಟಾಲ್ ಮಾಡಿದ್ದರೆ ಹೀಗಾಗುತ್ತದೆ. ಎಪಿಟಿ-ಮಾರ್ಕ್ ಷೋಮ್ಯಾನುಯಲ್ ಪಟ್ಟಿಯಲ್ಲಿ ಲಿನಕ್ಸ್-ಇಮೇಜ್ ಹೆಸರುಗಳನ್ನು ಹುಡುಕಿ, ಸಂಖ್ಯೆಯುಳ್ಳವಕ್ಕೆ ಸುಡೊ ಎಪಿಟಿ-ಮಾರ್ಕ್ ಆಟೊ ಕೊಟ್ಟು ಮತ್ತೆ ಆಟೊರಿಮೂವ್ ಮಾಡಿ.

ಇದರ ತಿರುವುಮುರುವೂ ಕೆಲಸಕ್ಕೆ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ 6.8.0-45 ಮಾತ್ರ ಸರಿಹೊಂದುತ್ತದೆ, ಮುಂದಿನವುಗಳಲ್ಲಿ ತೊಂದರೆ ಇದೆ ಎನ್ನಿ. ಆಗ ಅದಕ್ಕೆ ಮ್ಯಾನುಯಲ್ ಗುರುತು ಹಾಕಿ ಉಳಿಸಿಕೊಳ್ಳಬಹುದು. ಇಮೇಜ್ ಪ್ಯಾಕೇಜ್‌ಗೆ ಮಾತ್ರ ಗುರುತು ಹಾಕಿದರೆ ಸಾಲದು. ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎಂಬ ಅದರ ಜೊತೆಗಾರನಿಗೂ ಹಾಕಿ. ಇಮೇಜ್ ಪ್ಯಾಕೇಜ್ ಎಕ್ಸ್‌ಟ್ರಾವನ್ನು ಅವಲಂಬಿಸಿಲ್ಲ, ಹಾಗಾಗಿ ಅದು ಒಂಟಿಯಾಗಿ ಅಳಿಸಿಹೋಗಬಹುದು. ಹಾಗಾದರೆ ಕರ್ನಲ್ ಬೂಟ್ ಆದರೂ ಕೆಲವು ಡ್ರೈವರ್‌ಗಳು ಮಾಯವಾಗಿರುತ್ತವೆ.

ಒಂದು ನಿರ್ದಿಷ್ಟ ಕರ್ನಲ್ಲನ್ನು ಕೈಯಾರೆ ತೆಗೆಯಬೇಕಾದಾಗ ಹಲವರು ಇಮೇಜ್ ಪ್ಯಾಕೇಜ್‌ನ ಹೆಸರು ಕೊಟ್ಟು ಪರ್ಜ್ ಮಾಡುತ್ತಾರೆ. ಆಗ ಎಪಿಟಿ ಅದನ್ನು ತೆಗೆದು, ಅದೇ ಸಂಖ್ಯೆಯ ಲಿನಕ್ಸ್-ಇಮೇಜ್-ಅನ್‌ಸೈನ್ಡ್ ಎಂಬ ಇನ್ನೊಂದನ್ನು ಹಾಕಲು ಹೊರಡುತ್ತದೆ! ಮಾಡ್ಯೂಲ್ಸ್-ಎಕ್ಸ್‌ಟ್ರಾ ಇನ್ನೂ ಉಳಿದಿರುವುದೇ ಕಾರಣ: ಅದಕ್ಕೆ ಇವೆರಡರಲ್ಲಿ ಒಂದು ಇಮೇಜ್ ಬೇಕೇ ಬೇಕು. ಬುಡದಲ್ಲಿರುವ ಮಾಡ್ಯೂಲ್ಸ್ ಪ್ಯಾಕೇಜನ್ನೇ ತೆಗೆದರೆ ಅದನ್ನು ಅವಲಂಬಿಸಿದ ಇಮೇಜ್, ಎಕ್ಸ್‌ಟ್ರಾ ಎರಡೂ ತಾವಾಗಿ ಹೋಗುತ್ತವೆ:

ಸುಡೊ ಎಪಿಟಿ ಪರ್ಜ್ ಲಿನಕ್ಸ್-ಮಾಡ್ಯೂಲ್ಸ್-6.8.0-41-ಜೆನೆರಿಕ್ ಲಿನಕ್ಸ್-ಹೆಡರ್ಸ್-6.8.0-41

ಹೆಡರ್ಸ್ ಹೆಸರಿನ ಕೊನೆಗೆ ಜೆನೆರಿಕ್ ಇಲ್ಲದಿರುವುದು ಬೇಕೆಂದೇ. ಅದನ್ನು ತೆಗೆದರೆ ಜೆನೆರಿಕ್ ಇರುವ ಹೆಡರ್ಸ್ ಕೂಡ ಹಿಂದೆಯೇ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಎಪಿಟಿ ತೋರಿಸುವ ಪಟ್ಟಿಯಲ್ಲಿ ಹೊಸದಾಗಿ ಹಾಕುವವುಗಳ ಸಾಲು ಖಾಲಿಯಿದೆಯೇ ನೋಡಿ. ಸಮಯ ಉಳಿಸಲು 6.8.0-4* ಎಂದು ನಕ್ಷತ್ರ ಹಾಕುವ ಅಭ್ಯಾಸ ಅಪಾಯಕಾರಿ. 41ರ ಜೊತೆಗೆ 45, 48 ಎಲ್ಲವೂ ಅದರೊಳಗೆ ಬರುತ್ತವೆ.

ಓಡುತ್ತಿರುವ ಕರ್ನಲ್ಲನ್ನೇ ತೆಗೆಯಹೊರಟರೆ ನೀಲಿ ಪರದೆಯೊಂದು ಬಂದು, ಈ ಕೆಲಸ ನಿಲ್ಲಿಸಲೇ ಎಂದು ಕೇಳುತ್ತದೆ. ಪ್ರಶ್ನೆ ಇರುವುದು ನಿಲ್ಲಿಸುವ ಬಗ್ಗೆ. ಹಾಗಾಗಿ ಯೆಸ್ ಒತ್ತಿದರೇ ಕರ್ನಲ್ ಉಳಿಯುತ್ತದೆ. ಅವಸರದಲ್ಲಿ ನೋ ಒತ್ತಬೇಡಿ.

ಲಿನಕ್ಸ್ ಮಿಂಟ್ ಬಳಸುವವರಿಗೆ ಟರ್ಮಿನಲ್ಲೇ ಬೇಕಿಲ್ಲ. ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ತೆರೆದರೆ ಹಳೆಯವನ್ನು ಗುರುತು ಮಾಡಿ ತೆಗೆಯಬಹುದು.

ಈಗಾಗಲೇ ನೂರಕ್ಕೆ ನೂರು ತುಂಬಿದ್ದರೆ

ಇದು ಬೇರೆಯೇ ಪರಿಸ್ಥಿತಿ. ಹೊಸ ಕರ್ನಲ್‌ನ ಇನಿಟ್‌ಆರ್‌ಡಿ ಬರೆಯುವಾಗ ಜಾಗ ಮುಗಿದು, ಅದನ್ನು ತಯಾರಿಸುವ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡ್ ವಿಫಲವಾಗಿರುತ್ತದೆ. ಪ್ಯಾಕೇಜ್ ಅರ್ಧ ಕಾನ್ಫಿಗರ್ ಆದ ಸ್ಥಿತಿಯಲ್ಲಿ ನಿಂತಿರುತ್ತದೆ. ಈಗ ಆಟೊರಿಮೂವ್ ಕೊಟ್ಟರೆ ಎಪಿಟಿ, ಮೊದಲು ಮುರಿದದ್ದನ್ನು ಸರಿಮಾಡು ಎನ್ನುತ್ತದೆ. ಸರಿಮಾಡಲು ಹೋದರೆ ಜಾಗವಿಲ್ಲ ಎನ್ನುತ್ತದೆ. ಈ ಸುತ್ತು ಬಿಡಿಸಲು ಎಪಿಟಿಯನ್ನು ಬದಿಗಿಟ್ಟು ಡಿಪಿಕೆಜಿಗೆ ನೇರವಾಗಿ ಹೇಳಬೇಕು. ಚೀಟಿಯಲ್ಲಿ ಬರೆದ ಸಂಖ್ಯೆ ಬಿಟ್ಟು, ತೀರಾ ಹಳೆಯದೊಂದನ್ನು ಆರಿಸಿ:

ಸುಡೊ ಡಿಪಿಕೆಜಿ --ಪರ್ಜ್ ಲಿನಕ್ಸ್-ಇಮೇಜ್-6.8.0-41-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-6.8.0-41-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ-6.8.0-41-ಜೆನೆರಿಕ್

ಮೂರೂ ಹೆಸರು ಒಂದೇ ಸಾಲಿನಲ್ಲಿ ಇರಲಿ. ಒಂದೊಂದಾಗಿ ಕೊಟ್ಟರೆ ಒಂದು ಇನ್ನೊಂದನ್ನು ಹಿಡಿದುಕೊಂಡು ತಡೆಯುತ್ತದೆ. ಮತ್ಯಾವುದೋ ಪ್ಯಾಕೇಜ್ ಇದನ್ನು ಅವಲಂಬಿಸಿದೆ ಎಂದು ಡಿಪಿಕೆಜಿ ನಿರಾಕರಿಸಿದರೆ ಆ ಹೆಸರನ್ನು ಓದಿ. ಅದರಲ್ಲೂ 41 ಇದ್ದರೆ ಅದನ್ನೂ ಸಾಲಿಗೆ ಸೇರಿಸಿ. ತಡೆದದ್ದು ಸಂಖ್ಯೆಯಿಲ್ಲದ ಲಿನಕ್ಸ್-ಇಮೇಜ್-ಜೆನೆರಿಕ್ ಆಗಿದ್ದರೆ ಅಲ್ಲೇ ನಿಲ್ಲಿ, ನೀವು ಆರಿಸಿರುವುದು ಹಳೆಯ ಕರ್ನಲ್ ಅಲ್ಲ.

ಒಂದೇ ಒಂದು ಎಂಬಿಯೂ ಉಳಿದಿಲ್ಲದಾಗ ಇದೂ ಎಡವಬಹುದು. ಯಂತ್ರ ಶುರುವಾಗುವಾಗ ಕರ್ನಲ್ ಆರಿಸಿಕೊಡುವ ಗ್ರಬ್‌ನ ಮೆನು ಫೈಲನ್ನು ಹೊಸದಾಗಿ ಬರೆಯುವುದಕ್ಕೂ /ಬೂಟ್‌ನಲ್ಲೇ ಸ್ವಲ್ಪ ಜಾಗ ಬೇಕು. ಆಗ ಅದೇ ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿಯನ್ನು ಅಳಿಸದೆ ಪಕ್ಕಕ್ಕೆ ಸರಿಸಿ:

ಸುಡೊ ಎಂವಿ /ಬೂಟ್/ಇನಿಟ್‌ಆರ್‌ಡಿ.ಐಎಂಜಿ-6.8.0-41-ಜೆನೆರಿಕ್ /ರೂಟ್/

ಬಳಿಕ ಮೇಲಿನ ಪರ್ಜ್ ಮತ್ತೆ ಕೊಡಿ. ಅದು ಮುಗಿದ ಮೇಲೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೊ ಎಪಿಟಿ ಆಟೊರಿಮೂವ್ --ಪರ್ಜ್
ಸುಡೊ ಅಪ್‌ಡೇಟ್-ಗ್ರಬ್

ಎಲ್ಲವೂ ದೋಷವಿಲ್ಲದೆ ಮುಗಿದರೆ /ರೂಟ್ ಒಳಗೆ ಸರಿಸಿಟ್ಟ ಫೈಲನ್ನು ಅಳಿಸಿ.

ರೀಬೂಟ್ ಮಾಡುವ ಮೊದಲು ಇನ್ನೊಮ್ಮೆ ಎಲ್‌ಎಸ್ -ಎಲ್‌ಎಚ್ /ಬೂಟ್ ನೋಡಿ. ಈ ಎರಡು ನಿಮಿಷ ಬಿಡಬೇಡಿ. ಪ್ರತಿ ವಿಎಂಲಿನಜ್‌ಗೂ ಅದೇ ಸಂಖ್ಯೆಯ ಇನಿಟ್‌ಆರ್‌ಡಿ ಇರಬೇಕು, ಇನಿಟ್‌ಆರ್‌ಡಿಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು 75 ಎಂಬಿ ಇದ್ದು ಇನ್ನೊಂದು 12 ಎಂಬಿ ಇದ್ದರೆ ಎರಡನೆಯದು ಅರ್ಧಕ್ಕೆ ಬರೆದು ನಿಂತಿರಬಹುದು. ಅಂಥದನ್ನು ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಎಂದು ಬರೆದು ಕರ್ನಲ್ ಸಂಖ್ಯೆ ಕೊಟ್ಟು ಮತ್ತೆ ತಯಾರಿಸಿ. ಫೈಲೇ ಇಲ್ಲದಿದ್ದರೆ -ಯು ಬದಲು -ಸಿ. ಆಮೇಲೆ ಅಪ್‌ಡೇಟ್-ಗ್ರಬ್ ಇನ್ನೊಮ್ಮೆ ಆಗಬೇಕು.

ಇನಿಟ್‌ಆರ್‌ಡಿ ಇಲ್ಲದ ಕರ್ನಲ್‌ನಿಂದ ಬೂಟ್ ಮಾಡಿದರೆ ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡಲಾಗುತ್ತಿಲ್ಲ ಎಂದು ಕರ್ನಲ್ ಪ್ಯಾನಿಕ್ ಆಗುತ್ತದೆ. ಡೇಟಾಗೆ ಏನೂ ಆಗಿರುವುದಿಲ್ಲ, ಹೆದರಬೇಡಿ. ಯಂತ್ರ ಮತ್ತೆ ಚಾಲೂ ಮಾಡಿ. ಯುಇಎಫ್‌ಐ ಇದ್ದರೆ ಎಸ್ಕೇಪ್ ಕೀ ತಟ್ಟಿ, ಹಳೆಯ ಬಯೋಸ್ ಆದರೆ ಷಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು ಬಂದಾಗ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಆರಿಸಿ. ಮೀಸಲು ಬೇಕೆನ್ನುವುದು ಈ ಹೊತ್ತಿಗಾಗಿಯೇ.

/ಬೂಟ್‌ಗೆ ಹೋಗಿ ಆರ್‌ಎಂ ಕೊಟ್ಟು ಫೈಲ್ ಅಳಿಸುವುದನ್ನು ಇಲ್ಲಿಯವರೆಗೆ ಎಲ್ಲೂ ಹೇಳಿಲ್ಲ. ಹಾಗೆ ಅಳಿಸಿದರೆ ಡಿಪಿಕೆಜಿಯ ಲೆಕ್ಕದಲ್ಲಿ ಆ ಕರ್ನಲ್ ಇನ್ನೂ ಇರುತ್ತದೆ, ಗ್ರಬ್ ಮೆನುವಿನಲ್ಲಿ ಅದರ ಸಾಲೂ ಉಳಿದಿರುತ್ತದೆ, /ಲಿಬ್/ಮಾಡ್ಯೂಲ್ಸ್‌ನ ನೂರಾರು ಎಂಬಿ ಅಲ್ಲೇ ಬಿದ್ದಿರುತ್ತದೆ. ಸಿಕ್ಕಿದ ಜಾಗಕ್ಕಿಂತ ಗೋಜಲೇ ಹೆಚ್ಚು.

ತೆಗೆದ ಮೇಲೂ ಉಳಿಯುವವು

ಕರ್ನಲ್ ತೆಗೆಯುವಾಗ /ಲಿಬ್/ಮಾಡ್ಯೂಲ್ಸ್‌ನ ಫೋಲ್ಡರ್ ಖಾಲಿಯಿಲ್ಲ, ಆದ್ದರಿಂದ ಅಳಿಸಿಲ್ಲ ಎಂಬ ಎಚ್ಚರಿಕೆ ಬರುವುದುಂಟು. ವರ್ಚುವಲ್‌ಬಾಕ್ಸ್, ಎನ್‌ವಿಡಿಯಾದಂಥವು, ಹೊರಗಿನ ಮಾಡ್ಯೂಲ್ ಕಟ್ಟಿಕೊಡುವ ಡಿಕೆಎಂಎಸ್ ಎಂಬ ಪ್ರೋಗ್ರಾಂ ಮೂಲಕ ಆ ಕರ್ನಲ್‌ಗೆಂದು ಕಟ್ಟಿದ ಮಾಡ್ಯೂಲ್‌ಗಳು ಅದರೊಳಗೆ ಉಳಿದಿರುತ್ತವೆ. ಡಿಪಿಕೆಜಿ -ಎಸ್ ಎಂದು ಬರೆದು ಆ ಫೋಲ್ಡರ್‌ನ ದಾರಿ ಕೊಡಿ. ಇಲ್ಲಿ ಎಸ್ ದೊಡ್ಡಕ್ಷರ. ಯಾವ ಪ್ಯಾಕೇಜೂ ಅದರ ಒಡೆಯನಲ್ಲ ಎಂದು ಬಂದರೆ, ಯುನೇಮ್ ಸಂಖ್ಯೆಯ ಜೊತೆ ಇನ್ನೊಮ್ಮೆ ಹೋಲಿಸಿ ಅಳಿಸಬಹುದು. /ಬೂಟ್‌ನಲ್ಲಿ ಓಲ್ಡ್-ಡಿಕೆಎಂಎಸ್ ಎಂದು ಕೊನೆಯಾಗುವ ಇನಿಟ್‌ಆರ್‌ಡಿ ಫೈಲ್‌ಗಳಿದ್ದರೆ ಅವು ಹಳೆಯ ಡಿಕೆಎಂಎಸ್ ಬಿಟ್ಟುಹೋದ ಬ್ಯಾಕಪ್‌ಗಳು. ಅವನ್ನು ಮಾತ್ರ ನೇರವಾಗಿ ಅಳಿಸಲು ಅಡ್ಡಿಯಿಲ್ಲ.

ಎರಡೇ ಕರ್ನಲ್ ಇಟ್ಟರೂ /ಬೂಟ್ ಬಿಗಿಯಾಗಿದ್ದರೆ ಇನಿಟ್‌ಆರ್‌ಡಿಯನ್ನೇ ಕುಗ್ಗಿಸಬೇಕು. /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲ್ ತೆರೆದರೆ ದೊಡ್ಡಕ್ಷರದಲ್ಲಿ ಕಂಪ್ರೆಸ್ ಎಂಬ ಸಾಲಿದೆ. ಅದಕ್ಕೆ ಎಕ್ಸ್‌ಝಡ್ ಎಂದು ಕೊಟ್ಟರೆ ಫೈಲ್ ಚಿಕ್ಕದಾಗುತ್ತದೆ, ಬೂಟ್ ತುಸು ನಿಧಾನವಾಗುತ್ತದೆ. ಮೊದಲು ಇದನ್ನೇ ಮಾಡಿ ನೋಡಿ. ಅದೇ ಫೈಲ್‌ನ ಮಾಡ್ಯೂಲ್ಸ್ ಎಂಬ ಸಾಲಿನಲ್ಲಿ ಮೋಸ್ಟ್ ತೆಗೆದು ಡೆಪ್ ಎಂದು ಹಾಕಿದರೆ ನಿಮ್ಮ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳಷ್ಟೇ ಒಳಗೆ ಹೋಗುತ್ತವೆ, ಗಾತ್ರ ಇನ್ನೂ ಇಳಿಯುತ್ತದೆ. ಆದರೆ ಮುಂದೆ ಆ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೇ ಹೋಗಬಹುದು. ಮದರ್‌ಬೋರ್ಡ್ ಬದಲಿಸುವ ಯೋಚನೆ ಇರುವವರು ಇದಕ್ಕೆ ಕೈಹಾಕದಿರುವುದು ಲೇಸು. ಈ ಫೈಲ್‌ನ ಸಾಲು ಬದಲಿಸಿದ ಮೇಲೆ ಕೊಡಬೇಕಾದ್ದು ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್. ಹೊಸ ಫೈಲ್ ಪೂರ್ತಿ ಬರೆದಾದ ಮೇಲೆಯೇ ಹಳೆಯದು ಹೋಗುವುದರಿಂದ, ಈ ಕಮಾಂಡ್‌ಗೂ ಒಂದು ಇನಿಟ್‌ಆರ್‌ಡಿ ಹಿಡಿಸುವಷ್ಟು ಖಾಲಿ ಜಾಗ ಮುಂಚಿತವಾಗಿ ಬೇಕು.

ವಿಂಡೋಸ್‌ನೊಳಗಿನ ಡಬ್ಲ್ಯುಎಸ್‌ಎಲ್‌ನಲ್ಲೋ ಡಾಕರ್ ಕಂಟೇನರ್‌ನಲ್ಲೋ ಈ ಯಾವುದೂ ಬೇಕಿಲ್ಲ. ಅಲ್ಲಿ ಓಡುವ ಕರ್ನಲ್ ಹೊರಗಿನಿಂದ ಬಂದದ್ದು.

ಬೇರೆ ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸ್‌ನ ಬೇರೆ ಬಗೆಗಳಲ್ಲಿ

ಫೆಡೋರಾ ಈ ವಿಷಯದಲ್ಲಿ ಅಚ್ಚುಕಟ್ಟು. /ಇಟಿಸಿ/ಡಿಎನ್‌ಎಫ್/ಡಿಎನ್‌ಎಫ್.ಕಾನ್ಫ್ ಫೈಲ್‌ನಲ್ಲಿ ಇನ್‌ಸ್ಟಾಲ್‌ಓನ್ಲಿ_ಲಿಮಿಟ್ ಎಂಬ ಸಾಲು ಎಷ್ಟು ಕರ್ನಲ್ ಇಡಬೇಕೆಂದು ಹೇಳುತ್ತದೆ. ಬದಲಿಸದಿದ್ದರೆ ಅದು 3. ಅದನ್ನು 2 ಮಾಡಿದರೆ ಮುಂದಿನ ಕರ್ನಲ್ ಅಪ್‌ಡೇಟ್‌ನಲ್ಲಿ ಹೆಚ್ಚಿನವು ತಾವಾಗಿ ಹೋಗುತ್ತವೆ. ಈಗಲೇ ತೆಗೆಯಬೇಕೆಂದರೆ ಆರ್‌ಪಿಎಂ -ಕ್ಯು ಕರ್ನಲ್-ಕೋರ್ ಎಂದು ಪಟ್ಟಿ ನೋಡಿ, ಹಳೆಯದರ ಪೂರ್ತಿ ಹೆಸರನ್ನು ಸುಡೊ ಡಿಎನ್‌ಎಫ್ ರಿಮೂವ್‌ಗೆ ಕೊಡಿ. ಓಡುತ್ತಿರುವುದನ್ನು ತೆಗೆಯಲು ಡಿಎನ್‌ಎಫ್ ಬಿಡುವುದಿಲ್ಲ. ಅಲ್ಲಿನ /ಬೂಟ್‌ನಲ್ಲಿ ರೆಸ್ಕ್ಯೂ ಎಂಬ ಹೆಸರಿನ ಜೋಡಿಯೂ ಇರುತ್ತದೆ. ಯಾವ ಹಾರ್ಡ್‌ವೇರ್‌ನಲ್ಲೂ ಬೂಟ್ ಆಗಲೆಂದು ಎಲ್ಲ ಡ್ರೈವರ್ ತುಂಬಿರುವುದರಿಂದ ಇದೇ ಎಲ್ಲಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಹಳೆಯದಾಗಿ ಕಂಡರೂ ಆಪತ್ತಿಗೆ ಇಟ್ಟದ್ದು ಅದು, ಜಾಗಕ್ಕೆ ತೀರಾ ಪರದಾಟವಿಲ್ಲದಿದ್ದರೆ ಬಿಟ್ಟುಬಿಡಿ.

ಆರ್ಚ್‌ನಲ್ಲಿ ಹಳೆಯ ಕರ್ನಲ್ ಗುಡ್ಡೆ ಬೀಳುವುದೇ ಇಲ್ಲ. ಹೊಸದು ಬಂದರೆ ಹಳೆಯದು ಹೋಯಿತು, ಅದರ ಮಾಡ್ಯೂಲ್‌ಗಳೂ ಹೋದವು. ಅದಕ್ಕೇ ಅಪ್‌ಡೇಟ್ ಆದ ಮೇಲೆ ರೀಬೂಟ್ ಮಾಡುವ ತನಕ ಪೆನ್‌ಡ್ರೈವ್ ಚುಚ್ಚಿದರೆ ಕಾಣದೇ ಇರಬಹುದು. ಅಲ್ಲಿ ಮೀಸಲು ಬೇಕೆಂದರೆ ಲಿನಕ್ಸ್-ಎಲ್‌ಟಿಎಸ್ ಪ್ಯಾಕೇಜ್ ಜೊತೆಗೆ ಹಾಕಿಕೊಳ್ಳಬೇಕು. ಜಾಗ ತಿನ್ನುವುದು /ವಾರ್/ಕ್ಯಾಶ್/ಪ್ಯಾಕ್‌ಮ್ಯಾನ್/ಪಿಕೆಜಿ ಒಳಗಿನ ಹಳೆಯ ಪ್ಯಾಕೇಜ್‌ಗಳು. ಪ್ಯಾಕ್‌ಕ್ಯಾಶ್ -ಆರ್ ಪ್ರತಿಯೊಂದರ ಮೂರು ಆವೃತ್ತಿ ಉಳಿಸಿ ಮಿಕ್ಕದ್ದನ್ನು ಅಳಿಸುತ್ತದೆ.

ಓಪನ್‌ಸೂಸೆಯಲ್ಲಿ /ಇಟಿಸಿ/ಜಿಪ್/ಜಿಪ್.ಕಾನ್ಫ್‌ನ ಮಲ್ಟಿವರ್ಷನ್.ಕರ್ನಲ್ಸ್ ಸಾಲು ಯಾವುದು ಉಳಿಯಬೇಕೆಂದು ನಿರ್ಧರಿಸುತ್ತದೆ. ಸುಡೊ ಜಿಪ್ಪರ್ ಪರ್ಜ್-ಕರ್ನಲ್ಸ್ ಮಿಕ್ಕವನ್ನು ತೆಗೆಯುತ್ತದೆ. ಅಲ್ಲಿ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಂ ಇದ್ದರೆ ತೆಗೆದ ಮೇಲೂ ಡಿಎಫ್ ಅಂಕಿ ಕದಲದೇ ಇರಬಹುದು. ಅಳಿಸಿದ ಮಾಡ್ಯೂಲ್‌ಗಳನ್ನು, ಡಿಸ್ಕ್‌ನ ಹಿಂದಿನ ಸ್ಥಿತಿ ಉಳಿಸಿಡುವ ಸ್ನ್ಯಾಪರ್ ಪ್ರೋಗ್ರಾಂನ ಹಳೆಯ ಸ್ನ್ಯಾಪ್‌ಷಾಟ್‌ಗಳು ಇನ್ನೂ ಹಿಡಿದಿಟ್ಟುಕೊಂಡಿರುತ್ತವೆ. ಸುಡೊ ಸ್ನ್ಯಾಪರ್ ಲಿಸ್ಟ್ ನೋಡಿ, ಬೇಡವಾದ ಸಂಖ್ಯೆಗಳನ್ನು ಸ್ನ್ಯಾಪರ್ ಡಿಲೀಟ್‌ಗೆ ಕೊಟ್ಟ ಮೇಲೆ ಜಾಗ ನಿಜಕ್ಕೂ ತೆರವಾಗುತ್ತದೆ.